ವರ್ಲಿನ್‌ನ ಸ್ಟ್ಯೂ, ಆರ್ಡಿಸಳ ಪಾತ್ರೆ

ಅಡುಗೆ ಒಂದು ಕೆಲಸವೇ ಅಲ್ಲ ಎಂದು ವರ್ಲಿನ್ ಘೋಷಿಸಿದ್ದು ಊಟದ ಮೇಜಿನಲ್ಲಿ, ಅದೂ ಎರಡನೇ ಸಲ ಬಡಿಸಿಕೊಳ್ಳುತ್ತಾ. ಅಮೆರಿಕದ ಅಯೋವಾದಲ್ಲಿದ್ದ ಜೋಳದ ಹೊಲವನ್ನು ಅಳಿಯನಿಗೆ ಒಪ್ಪಿಸಿ ಮನೆಯಲ್ಲಿ ಕೂತ ಮೇಲೆ ಅವನಿಗೆ ಇಂಥ ಜ್ಞಾನೋದಯ ಆಗಾಗ ಆಗುತ್ತಿತ್ತು. (ಕೂತದ್ದು ಹಳೇ ಕಂದು ಆರಾಮಕುರ್ಚಿಯಲ್ಲಿ. ಅದರ ಹೊಟ್ಟೆಯಿಂದ ಹತ್ತಿ ಈಚೆ ಬಂದಿದ್ದರೂ ಅವನ ಪಾಲಿಗೆ ಸಿಂಹಾಸನ.)

“ಕರೆಂಟಿನ ಸ್ಲೋ ಕುಕ್ಕರಿಗೆ ಎಲ್ಲಾ ಸುರಿಯೋದು, ಗುಂಡಿ ತಿರುಗಿಸೋದು, ದಿನವಿಡೀ ಅದು ತಾನೇ ಬೇಯ್ತಿದ್ರೆ ಹೋಗಿ ಟಿವಿ ನೋಡೋದು. ಇದಕ್ಕೆ ಇಷ್ಟೊಂದು ಬಡಿವಾರ!”

ಹೆಂಡತಿ ಆರ್ಡಿಸ್ ಸೌಟು ಕೆಳಗಿಟ್ಟಳು. “ಹಾಗಾದ್ರೆ ಬುಧವಾರ ಚರ್ಚಿನ ಊಟಕ್ಕೆ ನೀವೂ ಸ್ಟ್ಯೂ ಮಾಡ್ರೀ, ನಾನೂ ಮಾಡ್ತೀನಿ. ನಿಮ್ಮ ಪಾತ್ರೆ ಮೊದಲು ಖಾಲಿ ಆದ್ರೆ ಆ ದರಿದ್ರ ಕುರ್ಚಿ ಇರ್ಲಿ. ನಂದು ಖಾಲಿ ಆದ್ರೆ ಅದು ಕಸದ ಲಾರಿಗೆ.”

“ಆಗ್ಲಿ ಕಣೇ!” ಎಂದ ಮಹಾಶೂರ.

ಈಸ್ಟರಿಗೆ ಮುಂಚಿನ ಬುಧವಾರಗಳಲ್ಲಿ ಊರವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಉಣ್ಣುವುದು ರೂಢಿ. ಪಾತ್ರೆ ಯಾರದೆಂದು ತಿಳಿಯಲು ಮೇಲೊಂದು ಹೆಸರಿನ ಅಂಟುಪಟ್ಟಿ.

ವರ್ಲಿನ್ ಅಂಗಡಿಯಲ್ಲಿ ಅತಿ ಅಗ್ಗದ ದನದ ಭುಜದ ಮಾಂಸ ಹುಡುಕಿ ತಂದ. ಹೆಚ್ಚಿ, ಬಾಣಲೆಯಲ್ಲಿ ಕೆಂಪಗೆ ಹುರಿದು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಜೊತೆ ಕುಕ್ಕರಿಗೆ ಹಾಕಿ ಮುಚ್ಚಿದ. ಮುಚ್ಚಿದವನು ತೆಗೆದ.

“ರೀ, ಮುಚ್ಚಳ ಎತ್ತಬೇಡಿ! ಕಾವು ಹೋದ್ರೆ ಆ ಗಟ್ಟಿ ಮಾಂಸ ಬೇಯಲ್ಲ.”

“ಇಣುಕಿದೆ ಅಷ್ಟೆ.”

“ಗಾಜಿನ ಮುಚ್ಚಳ ಅಲ್ವಾ, ಹೊರಗಿಂದಲೇ ನೋಡಿ.”

“ವಾಸನೆ ಗಾಜಲ್ಲಿ ಕಾಣತ್ತಾ?”

ಅಂಚೆಯವನು ಬಂದ, ಎತ್ತಿ ತೋರಿಸಿದ. ಪಕ್ಕದ ಮನೆಯವನು ಬಂದ, ಎತ್ತಿ ಮೂಸಿಸಿದ. ಯಾರೂ ಬಾರದಾಗ ತಾನೇ ಎತ್ತಿ ತನ್ನನ್ನು ಹೊಗಳಿಕೊಂಡ. ಸಂಜೆ ಒಂದು ತುಂಡು ಬಾಯಿಗಿಟ್ಟ. ಅಗಿದ, ಅಗಿದ, ಕೊನೆಗೆ ಕಿಟಕಿಯಾಚೆ ಉಗುಳಿದ. ಸಿಂಹಾಸನ ಕಸದ ಲಾರಿ ಹತ್ತುವ ದೃಶ್ಯ ಕಣ್ಣಿಗೆ ಕಟ್ಟಿತು.

ಪುಣ್ಯಕ್ಕೆ ಮನೆಯ ಎರಡು ಕುಕ್ಕರೂ ಅವಳಿಜವಳಿ. ಅವನ್ನು ಚರ್ಚಿನ ನೆಲಮಾಳಿಗೆಗೆ ತಂದಿಟ್ಟು ಆರ್ಡಿಸ್ ಪ್ರಾರ್ಥನೆಗೆ ಮೇಲೆ ಹೋದಾಗ ಇವನು ಪಾತ್ರೆ ಕಾಯುವ ನೆಪದಲ್ಲಿ ಕೆಳಗುಳಿದು ಎರಡೂ ಅಂಟುಪಟ್ಟಿಗಳನ್ನು ಅದಲುಬದಲು ಮಾಡಿದ.

ಊಟ ಶುರುವಾಯಿತು. ‘ವರ್ಲಿನ್’ ಎಂದಿದ್ದ ಪಾತ್ರೆ ಕಣ್ಣುಮುಚ್ಚಿ ಬಿಡುವುದರಲ್ಲಿ ಖಾಲಿ. ಪಾಸ್ಟರ್ ಅಂತೂ ತಳ ಕೆರೆದು ಬಡಿಸಿಕೊಂಡರು. ‘ಆರ್ಡಿಸ್’ ಎಂದಿದ್ದನ್ನು ತಿಂದವರು ದವಡೆ ಸವರಿಕೊಳ್ಳುತ್ತಾ, “ಈ ಸಲ ಒಂಥರಾ ಬೇರೆ ಇದೆ” ಎಂದರು. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಆರ್ಡಿಸ್ ಒಂದು ತುಂಡು ಅಗಿದಳು. ಪಾತ್ರೆ ನೋಡಿದಳು, ಗಂಡನನ್ನು ನೋಡಿದಳು. ಗಂಡ ಸೂರು ನೋಡಿದ. ಅವಳು ಎದ್ದು ನಿಂತಳು.

“ನನ್ನ ಕೈರುಚಿ ಹೋಯ್ತು, ಸೋಲೊಪ್ಪಿಕೊಂಡೆ. ಈಸ್ಟರ್ ತನಕ ಪ್ರತಿ ಬುಧವಾರ ನಿಮಗೆಲ್ಲ ನಮ್ಮನೆಯವರೇ ಸ್ಟ್ಯೂ ಮಾಡ್ತಾರೆ. ಮನೆ ಅಡುಗೇನೂ ಅವರಿಗೇ ಬಿಟ್ಟೆ!”

ಚಪ್ಪಾಳೆಯೋ ಚಪ್ಪಾಳೆ. ಪಾಸ್ಟರ್ ಬಂದು ಬೆನ್ನು ತಟ್ಟಿದರು. ಅವರ ಮುಖ ನೋಡಿಕೊಂಡು ನಿಜ ಹೇಳುವುದುಂಟೇ? ವರ್ಲಿನ್ ಹಲ್ಲು ಕಿರಿದ.

ಮುಂದಿನ ಬುಧವಾರ ಅವನು ಆಲೂಗಡ್ಡೆ ರಾಶಿಯ ಮುಂದೆ, ಈರುಳ್ಳಿಗೆ ಕಣ್ಣೀರಿಡುತ್ತಾ ನಿಂತಿದ್ದ. ಗೆದ್ದ ಕುರ್ಚಿ ಹಾಲ್‌ನಲ್ಲಿ ಕಿರ್ರೆಂದಿತು.

“ಎಷ್ಟು ಹಾಯಾಗಿದೆ ರೀ ಇದು! ಸುಮ್ಮನೆ ಎಸೀಬೇಕು ಅಂತಿದ್ದೆ,” ಎಂದಳು ಆರ್ಡಿಸ್, ಕಾಲು ಚಾಚಿ. “ಹ್ಞಾಂ, ಮುಚ್ಚಳ ಎತ್ತಬೇಡಿ!”