ಎತ್ತಬಾರದ ಫೋನು

ನನ್ನದು ಹಟದ ಸ್ವಭಾವ. ಹಿಡಿದದ್ದನ್ನು ಬಿಡುವವನಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ. ಹಿಡಿಯಬಾರದ್ದನ್ನೇ ಹಿಡಿಯುತ್ತಾರೆ ಎಂದು ಹೆಂಡತಿ ಹೇಳುತ್ತಾಳೆ. ಅವಳ ಬಸುರಿ ತಂಗಿಯ ಕುಬಸ ಗದಗಕ್ಕೇ ಅಂಟಿಕೊಂಡ ಬೆಟಗೇರಿಯಲ್ಲಿತ್ತು. "ಈ ಸಲ ಊಟದ ಹೊತ್ತಿಗಿ ಬರಲಿಲ್ಲಂದ್ರ ನೋಡ್ರಿ ಮತ್ತ" ಎಂದಿದ್ದಳು. ಏನೇ ಆಗಲಿ, ಇವತ್ತು ಗದಗ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಅವತ್ತೇ ನಮ್ಮ ಮುಂಡರಗಿ ಸೀರೆ ಅಂಗಡಿಯ ಬಿಲ್ ಹಾಕುವ ಸರ್ವರ್ ಮೊಂಡು ಹಿಡಿಯಿತು. ಗದಗದ ಕಚೇರಿಯಲ್ಲಿ ಕುಳಿತು ಅದನ್ನೆಲ್ಲ ನೋಡಿಕೊಳ್ಳುವವನು ನಾನೇ. ಅಲ್ಲಿ ರಸ್ತೆ ಅಗೆಯುವವರು ಇಂಟರ್ನೆಟ್ ಕೇಬಲ್ಲನ್ನೂ ಕತ್ತರಿಸಿದ್ದರು. ನಾನೇನೂ ಹೆದರಲಿಲ್ಲ. ಇಂಥ ದಿನಕ್ಕೆಂದೇ ಅಲ್ಲಿಯ ಹಳೆಯ ಫೋನ್ ತಂತಿಗೆ ಒಂದು ಡಯಲ್-ಅಪ್ ಮೋಡೆಮ್ ಕಟ್ಟಿ, ಸರ್ವರಿನ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡಿದ್ದೆ. ಇಲ್ಲಿಂದ ಡಯಲ್ ಮಾಡಿ ಪಾಸ್‌ವರ್ಡ್ ಕೊಟ್ಟರೆ ಅದು ಲೈನ್ ಕಡಿದು, ನನ್ನ ಮೇಜಿನ ಫೋನ್ ನಂಬರಿಗೆ ತಾನೇ ತಿರುಗಿ ಫೋನ್ ಮಾಡುತ್ತದೆ. ನನ್ನ ಮೋಡೆಮ್ ಎತ್ತಿದರೆ ಮಾತ್ರ ಒಳಗೆ ಬಿಡುತ್ತದೆ. ಇಲ್ಲಿ ಮನುಷ್ಯರು ಎತ್ತಿದರೆ ಕಳ್ಳನೆಂದು ತಿಳಿದು ಸಂಜೆಯವರೆಗೆ ಬಾಗಿಲು ಹಾಕಿಕೊಳ್ಳುತ್ತದೆ. ಈ ಜಾಣತನವೂ ನನ್ನದೇ.

ಡಯಲ್ ಮಾಡಿದೆ. ಮೋಡೆಮ್ಮಿಗಿಂತ ಮೊದಲೇ ಅಂಗಡಿಯ ಬಸವ್ವ ಎತ್ತಿದಳು. "ಹಲೋ, ಯಾರ್ರಿ? ನಾಷ್ಟಾ ಆತ್ರಿ?" ನನ್ನ ಮೋಡೆಮ್ ಅವಳ ಕಿವಿಯಲ್ಲಿ ಕೀಂ ಎಂದು ಕಿರುಚಿತು. ನಾನು ಮೊಬೈಲಿನಲ್ಲಿ ಅವಳನ್ನು ಹಿಡಿದು, "ಬಸವ್ವಾ, ಆ ಫೋನ್ ಎತ್ತಬ್ಯಾಡ" ಎಂದೆ.

"ಬಡಕೊಳ್ಳೂ ಫೋನ್ ಎತ್ತದ ಹ್ಯಾಂಗ ಕುಂಡ್ರೂದ್ರೀ ಸರ? ಯಾರ ಮನ್ಯಾಗ ಏನಾಗಿರತೈತೋ ಏನೋ!"

"ಏನರ ಆಗ್ಲಿ! ಕೈ ಕಟ್ಕೊಂಡು ಕುಂಡ್ರು."

"ಆತ್ರಿ. ಜಲ್ದಿ ಮಾಡ್ರಿ, ಹಿರೇವಡ್ಡಟ್ಟಿಯವ್ರು ಮದವಿ ಸೀರಿ ಆರಿಸಿಟ್ಟು ಬಿಲ್ಲಿಗೆ ಕುಂತಾರ."

ಮತ್ತೆ ಡಯಲ್ ಮಾಡಿದೆ. ಪಾಪ, ಬಸವ್ವ ಮುಟ್ಟಲಿಲ್ಲ. ಪಾಸ್‌ವರ್ಡ್ ಹೋಯಿತು, ಲೈನ್ ಕಡಿಯಿತು. ಗೆದ್ದೆ ಎಂದುಕೊಂಡು ಕುಬಸದ ಹೋಳಿಗೆ ನೆನೆಯುತ್ತ ಕಾಲು ಚಾಚಿದೆ. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಯಾರ ಮನೆಯಲ್ಲಿ ಏನಾಗಿದೆಯೋ ಏನೋ! ಎತ್ತಿದೆ.

"ಹಲೋ, ಯಾರ್ರಿ?"

ಕೀಂ ಎಂದು ಕಿರುಚಿ ಮುಂಡರಗಿಯ ಮೋಡೆಮ್ ಸುಮ್ಮನಾಯಿತು. ಇನ್ನು ಸಂಜೆಯವರೆಗೂ ಸುಮ್ಮನೆಯೇ.

ಬಸವ್ವ ಮೊಬೈಲಿಗೆ ಫೋನ್ ಮಾಡಿದಳು. "ದೇವರಾಣಿ ನಾ ಮುಟ್ಟಿಲ್ರೀ ಸರ. ಆತೇನ್ರಿ?"

"ಲೈನೇ ಸರಿ ಇಲ್ಲ ಬಸವ್ವಾ" ಎಂದು ನಾಚಿಕೆ ಬಿಟ್ಟು ಹೇಳಿ, ಕಿಸೆಯಲ್ಲಿದ್ದ ಕಪಾಟಿನ ಕೀಲಿ ಮುಟ್ಟಿ ನೋಡಿಕೊಂಡು ಮುಂಡರಗಿ ಬಸ್ಸು ಹತ್ತಿದೆ.

ಬಸ್ಸು ಊರು ದಾಟುವಾಗ ಮೊಬೈಲ್ ಬಡಿದುಕೊಂಡಿತು. ತೆಗೆದು ನೋಡಿದರೆ ಹೆಂಡತಿ. ಬಡಿದುಕೊಳ್ಳುವ ಫೋನನ್ನು ಎತ್ತದೆ, ಕೈ ಕಟ್ಟಿಕೊಂಡು ಕೂರುವುದು ಆಗ ಮಾತ್ರ ನನಗೆ ಬಹಳ ಸಲೀಸಾಗಿ ಬಂತು.