ಗಿರಣಿ ಅಜ್ಜ ನನ್ನೊಬ್ಬನನ್ನೇ ಬಿಟ್ಟದ್ದು

ಯಾರಾದರೂ ನನ್ನ ಉದ್ಧಾರದ ಮಾತು ಎತ್ತಿದರೆ ಸಾಕು, ನನ್ನ ಕೈ ತಾನಾಗಿಯೇ ಕಿಸೆಯ ಮೇಲೆ ಹೋಗುತ್ತದೆ. ಇದು ಒಳ್ಳೆಯ ಗುಣವಲ್ಲ, ಒಪ್ಪುತ್ತೇನೆ. ಆದರೆ ಹದಿನಾಲ್ಕು ವರ್ಷ ಮಾಮಲೇದಾರ ಕಚೇರಿಯಲ್ಲಿ ಕಾರಕೂನಿಕೆ ಮಾಡಿದವನಿಗೆ ಬೇರೆ ಗುಣ ಬರುವುದಾದರೂ ಹೇಗೆ? ನನ್ನ ಮೇಜಿನ ಮುಂದೆ ನಿಂತು “ಹೆಂಗದೀರಿ ರಾವಸಾಬ್ರ, ಮನ್ಯಾಗ ಎಲ್ಲಾರೂ ಅರಾಮ?” ಎಂದು ಕೇಳುವವನ ಬಗಲಲ್ಲಿ ಒಂದು ಅರ್ಜಿ ಇದ್ದೇ ಇರುತ್ತದೆ. ಹಾಗಿರುವಾಗ ಗುರುತು ಪರಿಚಯ ಇಲ್ಲದ ಮನುಷ್ಯ ಬಂದು, ನಮ್ಮ ದೇವರ ಕಡೆಗೆ ಬನ್ನಿ, ನಿಮಗೆ ಒಳ್ಳೆಯದಾಗುತ್ತದೆ ಎಂದರೆ, ನಾನು ಮೊದಲು ನೋಡುವುದು ಅವನ ಬಗಲನ್ನೇ. ನನಗೆ ಒಳ್ಳೆಯದಾದರೆ ಇವನಿಗೇನಪ್ಪ? ಸ್ವಂತ ತಮ್ಮನೇ ನನ್ನ ಒಳ್ಳೆಯದಕ್ಕಾಗಿ ಒಂದು ಏಕಾದಶಿ ಹಿಡಿದವನಲ್ಲ. ಇವನು ಬಿಸಿಲಲ್ಲಿ ಮೂರು ಮೈಲಿ ನಡೆದು ಬಂದಿದ್ದಾನೆ!

ವರ್ಗಾವಣೆಯ ನೌಕರಿಯಾದ್ದರಿಂದ ನಾಲ್ಕು ತಾಲೂಕುಗಳ ನೀರು ಕುಡಿದಿದ್ದೇನೆ, ಅಲ್ಲಲ್ಲಿ ನನ್ನನ್ನು ತಿದ್ದಲು ಜನ ಸಿಕ್ಕಿದ್ದಾರೆ. ಮುದ್ದೇಬಿಹಾಳದಲ್ಲಿ ಕೋಟು ಹಾಕಿದ ಒಬ್ಬರು ಸಂತೆಗೆ ಬಂದು ಸಣ್ಣ ಸಣ್ಣ ಪುಸ್ತಕ ಹಂಚುತ್ತಿದ್ದರು. ನಾನು ಒಂದನ್ನು ಇಸಿದುಕೊಂಡು ಪುಕ್ಕಟೆ ಏಕೆ ಕೊಡುತ್ತಿದ್ದಾರೆಂದು ಮುಂದಿನಿಂದಲೂ ಹಿಂದಿನಿಂದಲೂ ಓದಿ ನೋಡಿದೆ, ಗೊತ್ತಾಗಲಿಲ್ಲ. ಬಾಗೇವಾಡಿಯಲ್ಲಿ ಮನೆಯ ಮಾಲೀಕರು ದಿನಾ ಬೆಳಿಗ್ಗೆ ನನ್ನ ಹಣೆ ನೋಡಿ “ಖಾಲಿ ಐತಲ್ಲ ತಮ್ಮಾ” ಎಂದು ನಿಟ್ಟುಸಿರು ಬಿಡುತ್ತಿದ್ದರು. ಸಿಂದಗಿಯಲ್ಲಿ ಮಾತ್ರ ಒಬ್ಬ ಬೇರೆ ತರಹದ ಮನುಷ್ಯ ಸಿಕ್ಕ. ಕಚೇರಿಯ ಸಿಪಾಯಿ ಪರಸಪ್ಪ. ಅವನ ಮನೆಯವರೆಲ್ಲ ಆಗ ಹೊಸದಾಗಿ ಬೌದ್ಧರಾಗಿದ್ದರು. ಇವನೂ ಇನ್ನು ಶುರುಮಾಡುತ್ತಾನೆ ಎಂದು ನಾನು ಒಂದು ವರ್ಷ ಮೈಯೆಲ್ಲ ಕಣ್ಣಾಗಿ ಕಾದೆ. ಕೊನೆಗೆ ತಡೆಯಲಾರದೆ, “ಏನೋ ಪರಸಪ್ಪ, ನನ್ನ ಕರಿಯೂದಿಲ್ಲೇನೊ ನಿಮ್ಮ ಧರ್ಮಕ್ಕ?” ಎಂದು ನಾನೇ ಕೇಳಿದೆ. ಅವನು ಫೈಲಿನ ಧೂಳು ಜಾಡಿಸುತ್ತ, “ನಮಗ ಕುಂದ್ರಾಕ ಜಾಗಾ ಬೇಕಾಗಿತ್ರಿ ಸಾಹೇಬ್ರ, ಹೋದಿವಿ. ನಿಮಗ ಎಲ್ಲಾ ಕಡೆ ಕುರ್ಚಿ ಹಾಕ್ತಾರ. ನಿಮ್ಮನ್ನ ಯಾಕ ಕರೀಲ್ರಿ?” ಎಂದ. ನನಗೆ ನಾಚಿಕೆಯಾಯಿತು. ಕಳೆಯದಿದ್ದ ಕಾಗದವೊಂದನ್ನು ಬಹಳ ಹೊತ್ತು ಹುಡುಕಿದೆ.

ಇಂಡಿಗೆ ವರ್ಗವಾಗಿ ಬಂದಾಗ ನಾನು ಇಂಥ ಅನುಭವಸ್ಥ. ಇಲ್ಲಿಯ ವಿಠ್ಠಪ್ಪಜ್ಜನನ್ನು ನೋಡಿದ ದಿನವೇ ಸಂಶಯ ಹುಟ್ಟಿತು. ಅಜ್ಜನದು ಹಿಟ್ಟಿನ ಗಿರಣಿ. ಕೊರಳಲ್ಲಿ ತುಳಸಿ ಮಾಲೆ, ಹುಬ್ಬು ಮೀಸೆಯ ಮೇಲೆಲ್ಲ ಜೋಳದ ಹಿಟ್ಟು, ಬಾಯಲ್ಲಿ ಸದಾ ಪಂಢರಪುರ. ಅವನ ಮಾತು ಕೇಳಿ ಮಾಲೆ ಹಾಕಿಕೊಂಡವರು ಮಾಂಸ, ಸೆರೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ಎಲ್ಲ ಬಿಡಬೇಕು. ಮಾಂಸ ಬಿಡಬಹುದು, ಸೆರೆಯನ್ನಂತೂ ಬಿಟ್ಟೆನೆಂದು ಹಲವರು ವಾರಕ್ಕೊಮ್ಮೆ ಆಣೆ ಮಾಡುತ್ತಾರೆ. ಆದರೆ ಬಿಸಿ ರೊಟ್ಟಿಯ ಮಗ್ಗುಲಿಗೆ ಗುದ್ದಿದ ಉಳ್ಳಾಗಡ್ಡಿ ಇಲ್ಲದೆ ನಮ್ಮ ಸೀಮೆಯ ಮನುಷ್ಯ ಬದುಕುವುದುಂಟೆ? ಅದನ್ನೂ ಬಿಡಿಸುತ್ತಾನೆಂದರೆ ಈ ಅಜ್ಜನ ಬಳಿ ಏನೋ ಮಸಲತ್ತು ಇರಲೇಬೇಕು ಎಂದುಕೊಂಡೆ. ಮಾಲೆ ಹಾಕಿಕೊಂಡವರ ಪಾಳಿ ಗಿರಣಿಯಲ್ಲಿ ಮೊದಲು ಬರುತ್ತದೆಯೋ ಎಂದು ಪತ್ತೆ ಹಚ್ಚಿದೆ. ಇಲ್ಲ. ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾನೋ ಎಂದು ವಿಚಾರಿಸಿದೆ. ಅಜ್ಜನಿಗೆ ಚುನಾವಣೆ ಯಾವಾಗ ಎಂಬುದೇ ಗೊತ್ತಿರಲಿಲ್ಲ. ಇದರಿಂದ ನನ್ನ ಸಂಶಯ ಹೆಚ್ಚಾಯಿತು. ಕಾರಣ ಸಿಗದಷ್ಟು ಆಳಕ್ಕೆ ಇಟ್ಟಿದ್ದಾನೆ ಅಂದರೆ ಎಂಥ ಖಿಲಾಡಿ ಇರಬೇಕು!

ಅಷ್ಟರಲ್ಲಿ ಪೆಟ್ಟು ನನ್ನ ಬುಡಕ್ಕೇ ಬಿತ್ತು. ಕಚೇರಿ ಬಿಟ್ಟ ಮೇಲೆ ನಾವು ನಾಲ್ವರು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂಡುತ್ತಿದ್ದೆವು: ನಾನು, ಜೊತೆಯ ಕಾರಕೂನ ಸಿದ್ರಾಮಪ್ಪ, ಪೋಸ್ಟ್ ಮಾಸ್ತರರು, ಮತ್ತು ದರ್ಜಿ ದಸ್ತಗೀರ. ಎರಡು ಪ್ಲೇಟು ಉಳ್ಳಾಗಡ್ಡಿ ಭಜಿ, ನಾಲ್ಕು ಕಪ್ಪು ಚಹಾ, ಊರಿನ ಉಸಾಬರಿ. ಪರಊರಿನಲ್ಲಿ ನೌಕರಿ ಮಾಡುವವನಿಗೆ ಅದೇ ಬಂಧು, ಅದೇ ಬಳಗ. ಒಂದು ಸಂಜೆ ಸಿದ್ರಾಮಪ್ಪ ಪ್ಲೇಟನ್ನು ನನ್ನ ಕಡೆ ಸರಿಸಿ, “ನನಗ ಬ್ಯಾಡ್ರಿ, ಮಾಳಿ ಹಾಕ್ಕೊಂಡೇನಿ” ಎಂದ. ಹದಿನೈದು ದಿನಕ್ಕೆ ಪೋಸ್ಟ್ ಮಾಸ್ತರರೂ ಆ ಕಡೆ ಹೋದರು. ಅವರು ಮೆಣಸಿನಕಾಯಿ ಭಜಿಯನ್ನೂ ಮುಟ್ಟಲಿಲ್ಲ, ಎಣ್ಣೆ ಒಂದೇ ಅಂತೆ. ಇರಲಿ, ದಸ್ತಗೀರನನ್ನಾದರೂ ಅಜ್ಜ ಏನೂ ಮಾಡಲಾರ ಎಂದು ನಾನು ಧೈರ್ಯದಿಂದಿದ್ದೆ. ಮರುವಾರ ದಸ್ತಗೀರ ಬೀಡಿ ಕಟ್ಟನ್ನು ಹೋಟೆಲಿನವನಿಗೆ ಕೊಟ್ಟುಬಿಟ್ಟ. “ಅಜ್ಜಾ ಹೇಳಿದ್ರಿ. ನಿಮ್ಮ ನಮಾಜು ನಿಮಗಪಾ, ನಮ್ಮ ಮಾಳಿ ನಮಗ, ಬೀಡಿ ಒಂದು ಬಿಡು ಅಂದ. ಬಿಟ್ಟೇನ್ರಿ. ಮಗರಿಬ್ ನಮಾಜಿಗೆ ಮಸೀದಿಗೂ ಹೊಂಟೇನಿ, ಇನ್ನ ಸಂಜಿಗೆ ಬರಾಕ ಆಗೂದಿಲ್ಲ” ಎಂದ. ನಾನು ಎರಡು ಪ್ಲೇಟು ಭಜಿಯ ಮುಂದೆ ಒಬ್ಬನೇ ಕುಳಿತೆ.

ಇನ್ನು ನನ್ನ ಪಾಳಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಬರಲಿ ಮಗ, ತೋರಿಸುತ್ತೇನೆ ಎಂದುಕೊಂಡು ತಯಾರಿ ನಡೆಸಿದೆ. ಉಳ್ಳಾಗಡ್ಡಿಯನ್ನು ಹುಟ್ಟಿಸಿದವರು ಯಾರು ಎಂಬಲ್ಲಿಂದ ಹಿಡಿದು ಹನ್ನೊಂದು ಪ್ರಶ್ನೆ ಬರೆದಿಟ್ಟುಕೊಂಡೆ. ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದೆ. ಅಜ್ಜ ನಮ್ಮ ಓಣಿಗೆ ಬಂದ. ಎಡಗಡೆಯ ಮನೆಗೆ ಹೋಗಿ ಒಂದು ತಾಸು ಕುಳಿತ. ಹೊರಗೆ ಬಂದು, ನನ್ನನ್ನು ನೋಡಿ, ಕೈ ಮುಗಿದು, ಬೇಗ ಬೇಗ ಹೆಜ್ಜೆ ಹಾಕಿ ಬಲಗಡೆಯ ಮನೆಗೆ ಹೋದ! ನಾನು ಕುರ್ಚಿಯ ಮಗ್ಗುಲಿಗೆ ನಿಂತೇ ಇದ್ದೆ. “ಬ್ಯಾರೆ ಕೆಲಸ ಇದ್ದೀತು, ಬಿಡ್ರಿ” ಎಂದು ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ನಾನು ಲೋಕವನ್ನೆಲ್ಲ ಸಂಶಯಪಡುವವನು. ಆ ಸೆರಗನ್ನು ಮಾತ್ರ ಸಂಶಯಪಡಲಿಲ್ಲ.

ಅವತ್ತಿನಿಂದ ನನಗೆ ನಿದ್ದೆ ಸರಿಯಾಗಲಿಲ್ಲ. ಬಂದು ಕರೆದಿದ್ದರೆ ಓಡಿಸುತ್ತಿದ್ದೆ, ಅದು ಬೇರೆ ಮಾತು. ಆದರೆ ಕರೆಯದೆ ಬಿಡುವುದೆಂದರೇನು? ಬೀಡಿ ಸೇದುವ ದರ್ಜಿಯ ಮೇಲೆ ಇಟ್ಟಷ್ಟು ಆಸೆಯನ್ನೂ ಅಜ್ಜ ನನ್ನ ಮೇಲೆ ಇಡಲಿಲ್ಲವೆ? ಇಷ್ಟು ದಿನ ನನ್ನ ಉದ್ಧಾರಕ್ಕೆ ಬಂದವರನ್ನೆಲ್ಲ ಅಟ್ಟಿದವನಿಗೆ, ನನ್ನ ಉದ್ಧಾರ ಯಾರಿಗೂ ಬೇಡವಾಗಿದೆ ಎಂದು ತಿಳಿದಾಗ ನಿಜವಾಗಿ ದುಃಖವಾಯಿತು. ರವಿವಾರ ಜೋಳದ ಬುಟ್ಟಿ ನಾನೇ ಹೊತ್ತು ಗಿರಣಿಗೆ ಹೋದೆ. ಕಚೇರಿಯ ರಾವಸಾಬರು ಬುಟ್ಟಿ ಹೊತ್ತದ್ದನ್ನು ನೋಡಲು ಜನ ಬಾಗಿಲಿಗೆ ಬಂದರು. ಅಜ್ಜ ಬೇರೆಯವರ ಜೊತೆ ಪಾಂಡುರಂಗನ ಮಾತಾಡುತ್ತಿದ್ದವನು ನನ್ನ ಕಡೆ ತಿರುಗಿ, “ಸಣ್ಣಗ ಬೀಸಲೋ, ದಪ್ಪ ಬೀಸಲೋ?” ಎಂದ. ಅಷ್ಟೇ. ಎರಡನೆಯ ರವಿವಾರವೂ ಅದೇ ಪ್ರಶ್ನೆ.

ಮೂರನೆಯ ರವಿವಾರ ನನ್ನ ತಾಳ್ಮೆ ಹರಿಯಿತು. ಎಂಜಿನ್ನಿನ ಗದ್ದಲದಲ್ಲಿ ಕೇಳಿಸಲೆಂದು ಅಜ್ಜನ ಕಿವಿಯ ಹತ್ತಿರ ಒದರಿದೆ. ಅವನು ಅದೇ ಹೊತ್ತಿಗೆ ಎಂಜಿನ್ ಬಂದ್ ಮಾಡಿದ. “ನನಗ್ಯಾಕ ಮಾಳಿ ಹಾಕ್ಕೋ ಅನ್ನೂದಿಲ್ಲಾ?” ಎಂಬ ನನ್ನ ಕೂಗು ಇಂಡಿಯ ಅರ್ಧ ಊರಿಗೆ ಕೇಳಿಸಿತು. ಹಿಟ್ಟಿಗಾಗಿ ಕಾಯುತ್ತಿದ್ದ ಏಳು ಮಂದಿ ನನ್ನ ಕಡೆ ತಿರುಗಿದರು.

“ಕುಂದರ್ರಿ ರಾವಸಾಬ್ರ,” ಎಂದ ಅಜ್ಜ.

“ಕುಂದ್ರೂದಿಲ್ಲ. ಮಂದೀನ್ನೆಲ್ಲಾ ಕರಿತೀಯಲ್ಲ, ಅದರಾಗ ನಿನಗೇನು ಸಿಗತೈತಿ? ಖರೆ ಹೇಳು.”

ಅಜ್ಜ ಮೀಸೆಯ ಹಿಟ್ಟು ಒರೆಸಿಕೊಂಡ. “ಖರೆ ಹೇಳ್ಲ್ಯಾ? ನಲವತ್ತು ವರ್ಷ ಆತ್ರಿ ಪಾಂಡುರಂಗಾ ಪಾಂಡುರಂಗಾ ಅನ್ನಾಕತ್ತಿ. ಒಮ್ಮೊಮ್ಮೆ ಒಬ್ಬಾವನ ಕುಂತಾಗ, ಆತ ಅದಾನೋ ಇಲ್ಲೋ ಅನಸ್ತೈತಿ. ಇನ್ನೊಬ್ಬ ಮಾಳಿ ಹಾಕ್ಕೊಂಡ ಅಂದ್ರ, ಇಬ್ಬರೂ ಕೂಡೇ ತಪ್ಪಾಕ ಸಾಧ್ಯ ಇಲ್ಲ ಬಿಡು ಅಂತ ಜೀವಕ್ಕ ಸಮಾಧಾನ ಆಗತೈತ್ರಿ.”

ಇಷ್ಟು ನೇರ ಉತ್ತರ ನನ್ನ ಹನ್ನೊಂದು ಪ್ರಶ್ನೆಗಳಲ್ಲಿ ಒಂದಕ್ಕೂ ಹೊಂದುತ್ತಿರಲಿಲ್ಲ. “ಹಂಗಾದ್ರ ನನ್ನನ್ಯಾಕ ಬಿಟ್ಟಿ?” ಎಂದೆ.

ಅಜ್ಜ ಏಳು ಮಂದಿಯ ಮುಖ ನೋಡಿದ. “ನಿಮ್ಮ ಹೇಣ್ತಿ, ಆ ತಂಗಿ, ಬಂದಿದ್ಲ್ರಿ. ಅಜ್ಜಾ, ನಿನ್ನ ಕಾಲ ಬೀಳ್ತೇನಿ, ಇವರಿಗೊಬ್ಬರಿಗೆ ಮಾಳಿ ಹಾಕಬ್ಯಾಡ ಅಂದ್ಲು. ಬೇವಿನ ಕಡ್ಡೀಲೆ ಹಲ್ಲ ತಿಕ್ಕಿದ್ರ ಗಟ್ಟಿ ಆಗ್ತಾವಂತ ನಿಮಗ ಗೊತ್ತಾದಾಗ ಓಣಿ ಮಂದೀದೆಲ್ಲಾ ಬಾಯಿ ಕಹಿ ಮಾಡಿದ್ರಂತ. ತಣ್ಣೀರ ಜಳಕದ ಹುಚ್ಚ ಹತ್ತಿದಾಗ ಎದುರಮನಿ ಮುದುಕನ್ನ ನಸುಕಿನ್ಯಾಗ ಎಬ್ಬಿಸಿ ನೀರ ಹಾಕಿ, ಆತಗ ಜ್ವರಾ ಬಂದಿತ್ತಂತ. ಕಡ್ಡಿ ಸಿಕ್ಕಾಗನ ಇಷ್ಟ ಮಾಡಿದಾವ್ರು, ದೇವರು ಸಿಕ್ಕರ ಮಂದಿ ಎಲ್ಲಿಗೆ ಓಡಿ ಹೋಗಬೇಕೋ ಅಜ್ಜಾ ಅಂದ್ಲ್ರಿ.”

“ಖರೆ ಐತ್ರಿ,” ಎಂದು ಬುಟ್ಟಿಗಳ ನಡುವಿನಿಂದ ಒಂದು ಮುದಿ ದನಿ ಬಂತು. “ಜ್ವರ ನನಗ ಬಂದಿತ್ತು.”

ನನಗೆ ಕೆಂಡಾಮಂಡಲ ಸಿಟ್ಟು ಬಂತು. ಇದು ಶುದ್ಧ ಸುಳ್ಳು, ನಾನು ಯಾರ ಮೇಲೂ ಯಾವುದನ್ನೂ ಹೇರಿದವನಲ್ಲ, ಬೇಕಾದವರು ಕೇಳಲಿ ಬೇಡವಾದವರು ಬಿಡಲಿ ಎನ್ನುವ ಸ್ವಭಾವ ನನ್ನದು ಎಂದು ಹೇಳಿದೆ. ಯಾರೂ ಹೂಂ ಅನ್ನಲಿಲ್ಲ. ಮತ್ತೊಮ್ಮೆ, ಉದಾಹರಣೆ ಸಹಿತ, ಬಿಡಿಸಿ ಹೇಳಿದೆ. ಹಿಟ್ಟು ಸಿಕ್ಕವನೊಬ್ಬ ಮೆಲ್ಲಗೆ ಎದ್ದ. ತೋಳು ಹಿಡಿದು ಕೂಡಿಸಿದೆ. ಆಮೇಲೆ ಗಿರಣಿಯ ಬಾಗಿಲಿಗೆ ಅಡ್ಡ ನಿಂತು, “ಹೌದ್ರಿ, ನೀವು ಅಂಥಾವ್ರಲ್ರಿ” ಎಂದು ಏಳು ಮಂದಿಯೂ ಒಬ್ಬೊಬ್ಬರಾಗಿ ಬಾಯಿಬಿಟ್ಟು ಒಪ್ಪಿಕೊಳ್ಳುವವರೆಗೆ ಒಬ್ಬರನ್ನೂ ಮನೆಗೆ ಬಿಡಲಿಲ್ಲ.