ಪೇಪರಲ್ಲಿ ಬಂದ ಹುಡುಗ

ಹೊರಡುವ ಹೊತ್ತಿಗೆ ಸರಿಯಾಗಿ ಜಯಕುಮಾರನ ಜರ್ಕಿನ್ನಿನ ಜಿಪ್ಪು ಕೈಗೆ ಬಂತು. ಮೇಲಕ್ಕೆ ಎಳೆದ, ಅದು ಬಂತು, ಆದರೆ ಜರ್ಕಿನ್ನು ಅದರ ಜೊತೆ ಬರಲಿಲ್ಲ.

ಯಸಳೂರಿನಲ್ಲಿ ಡಿಸೆಂಬರ್ ತಿಂಗಳ ಬೆಳಗು ಅಂದರೆ ಹಸುವಿನ ಉಸಿರೂ ಬೀಡಿ ಹೊಗೆಯಂತೆ ಕಾಣುತ್ತದೆ. ಅಲ್ಲಿಂದ ಬೈಕಿನಲ್ಲಿ ಸಕಲೇಶಪುರ ದಾಟಿ ದೋಣಿಗಲ್ಲಿನವರೆಗೆ ಹೋಗಬೇಕಿತ್ತು. ಬಿಸಿಲು ಬರಲಿ ಎಂದು ಕಾಯುವಂತಿರಲಿಲ್ಲ. ದೋಣಿಗಲ್ಲಿನ ಸುಬ್ಬಯ್ಯನವರು ಬೆಳಗ್ಗೆಯೇ ಬರಲು ಹೇಳಿದ್ದರು. ಅವರ ಮಗಳು ಮಧುಶ್ರೀಯನ್ನು ಜಯಕುಮಾರ ನೋಡಿ ಬಂದು ಆಗಲೇ ಹದಿನೈದು ದಿನವಾಗಿತ್ತು. ಅವನು ಆ ಕ್ಷಣವೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದ. ಹುಡುಗಿ ಮಾತ್ರ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಅವಳ ಮೌನವನ್ನು ಅವನು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವಾಗಲೂ, ಮಲಗಿದಾಗಲೂ ತಿರುವಿ ತಿರುವಿ ನೋಡಿದ್ದ. ಇವತ್ತು ಮತ್ತೆ ಮನೆಗೆ ಕರೆಸಿ ಅವಳ ಬಾಯಿಂದ ಕೇಳಿಬಿಡೋಣ ಎಂದು ಸುಬ್ಬಯ್ಯನವರು ಹೇಳಿಕಳಿಸಿದ್ದರು. ಹೂಂ ಅಂದರೆ ಇವತ್ತೇ ಎಲೆ ಅಡಿಕೆ.

"ಕಂಬಳಿ ಕೊಪ್ಪೆ ಹಾಕ್ಕಂಡ್ ಹೋಗೋ," ಎಂದಳು ತಾಯಿ ಲಿಂಗಮ್ಮ.

"ಕೊಪ್ಪೆ ಹಾಕ್ಕಂಡ್ ಹೋದ್ರೆ ದನ ಕಾಯೋನು ಬಂದ ಅಂತ ಸೀದಾ ಕೊಟ್ಟಿಗೆ ತೋರಿಸ್ತಾರೆ ಅಷ್ಟೆ."

ಬೇಲಿಯಾಚೆ ಹಲ್ಲುಜ್ಜುತ್ತಿದ್ದ ಪಕ್ಕದ ಮನೆಯ ಶಿವಯ್ಯ ಬಾಯಿ ಮುಕ್ಕಳಿಸಿ ಉಗಿದು ಈಚೆ ಬಂದ. ಹಿಂದೆ ಲಾರಿ ಓಡಿಸುತ್ತಿದ್ದವನು. ಬೇರೆಯವರ ಮನೆಯ ಕಷ್ಟ ಅವನಿಗೆ ಒಗ್ಗರಣೆಯ ವಾಸನೆಯಂತೆ ದೂರದಿಂದಲೇ ತಿಳಿಯುತ್ತಿತ್ತು.

"ಪೇಪರ್ ಹಾಕ್ಕಳಯ್ಯ ಒಳಗೆ! ಎದೆಗಷ್ಟು, ಬೆನ್ನಿಗಷ್ಟು. ಮೇಲೆ ಅಂಗಿ. ಗಾಳಿ ಅಪ್ಪನಾಣೆಗೂ ನುಗ್ಗಲ್ಲ. ನಾನು ಲಾರೀಲಿ ಮೂರು ಮೂರು ತಿಂಗ್ಳು ಪೇಪರಲ್ಲೇ ಇರ್ತಿದ್ದೆ."

ಲಿಂಗಮ್ಮ ಅಟ್ಟದಿಂದ ಹಳೆಯ ಪೇಪರುಗಳ ಕಟ್ಟು ಇಳಿಸಿದಳು. ತಾಯಿಯೂ ಶಿವಯ್ಯನೂ ಸೇರಿ ಅವನನ್ನು ದಿಂಬಿಗೆ ಹತ್ತಿ ತುಂಬುವಂತೆ ತುಂಬಿದರು. ಬೈಕ್ ಹತ್ತಿದಾಗ ಮೈಯೆಲ್ಲ ಒಣಗಿದ ಬಾಳೆಲೆಯಂತೆ ಸದ್ದು ಮಾಡಿತು. ಆದರೆ ಶಿವಯ್ಯನ ಮಾತು ಸುಳ್ಳಾಗಲಿಲ್ಲ. ಕೈಗಳು ಸೆಟೆದವು, ಮೂಗು ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳಬೇಕಾಯಿತು. ಎದೆ ಮಾತ್ರ ಒಲೆ ಪಕ್ಕದ ಬೆಕ್ಕಿನ ಹಾಗೆ ಬೆಚ್ಚಗಿತ್ತು.

ಸಕಲೇಶಪುರ ಸೇರುವಷ್ಟರಲ್ಲಿ ಅಂಗಿಯ ಗುಂಡಿಗಳ ಸಂದಿಯಿಂದ ಮಂಜು ನುಗ್ಗಿ ಹೊಟ್ಟೆಯ ಮೇಲಿನ ಪೇಪರು ತಂಗಳು ದೋಸೆಯಂತಾಗಿತ್ತು. ಬಸ್ ಸ್ಟ್ಯಾಂಡಿನ ಬಳಿ ಗೆಳೆಯ ನಂಜುಂಡನ ಹೋಟೆಲಿನಲ್ಲಿ ನಿಲ್ಲಿಸಿದ. ಮೇಜಿನ ಮೇಲೆ ಅಂದಿನ ಪೇಪರು ಬಿದ್ದಿತ್ತು. ಅದರ ನಡುವಿನ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ಕೈ ತೊಳೆಯುವ ಜಾಗಕ್ಕೆ ಹೋಗಿ, ಒದ್ದೆಯದನ್ನು ಬಿಸಾಡಿ, ಹೊಸದನ್ನು ಒಳಗಿಟ್ಟುಕೊಂಡು ಬಂದ.

ನಂಜುಂಡ ಬೆನ್ನು ತಿರುಗಿಸಿ ಕಾಫಿ ಸೋಸುತ್ತಿದ್ದ. ತಿರುಗದೆಯೇ ಕೇಳಿದ: "ಏನ್ ಮಾರಾಯ, ಏನೋ ವಿಶೇಷ ಐತಂತೆ?"

ಅವನು ಕೇಳಿದ್ದು ಮದುವೆಯ ವಿಷಯ. ತನ್ನ ಉಬ್ಬಿದ ಹೊಟ್ಟೆ ಇವನ ಕಣ್ಣಿಗೆ ಬಿತ್ತು ಎಂದುಕೊಂಡ ಜಯಕುಮಾರ ಅದರ ಮೇಲೆ ಕೈಯಾಡಿಸಿ ನಾಚಿಕೊಂಡು ಹೇಳಿದ:

"ಪೇಪರಲ್ಲಿ ಬಂದಿದೀನಿ ಕಣೋ. ಹೆಣ್ಣಿನ ಮನೆಯೋರಿಗೆ ಗೊತ್ತಾಗ್ಬಾರ್ದು, ಸುಮ್ನಿರು."

ಕಾಫಿ ಕುಡಿದು ಹೊರಟ. ಅವನ ಹಿಂದೆ ನಡೆದದ್ದು ಅವನಿಗೆ ಆಮೇಲೆ ತಿಳಿದದ್ದು.

ನಂಜುಂಡ ಸುಮ್ಮನಿದ್ದ, ಬೈಕಿನ ಸದ್ದು ಸೇತುವೆ ದಾಟುವವರೆಗೆ. ಆಮೇಲೆ ಇಡ್ಲಿ ತಿನ್ನುತ್ತಿದ್ದ ಚನ್ನಬಸವಯ್ಯನ ಕಿವಿಯಲ್ಲಿ ಉಸುರಿದ: "ಜಯಕುಮಾರ ಪೇಪರಲ್ಲಿ ಬಂದವ್ನಂತೆ ಕಣ್ರೀ. ಹೆಣ್ಣಿನ ಮನೆಗೆ ತಿಳೀಬಾರ್ದಂತೆ."

ಚನ್ನಬಸವಯ್ಯ ಸುಬ್ಬಯ್ಯನವರಿಗೆ ದೂರದ ನೆಂಟ. ಇಂಥ ಸುದ್ದಿ ಸಿಕ್ಕಾಗ ಹತ್ತಿರದವನಾಗುತ್ತಿದ್ದ. ಚಟ್ನಿ ಕೈಯಲ್ಲೇ ಪೇಪರು ಎತ್ತಿಕೊಂಡು ಪುಟ ತಿರುವಿದ. ಮತ್ತೆ ತಿರುವಿದ.

"ನಡುವಿನ ಹಾಳೆ ಎಲ್ಲಯ್ಯ?"

"ಈಗಿತ್ತಲ್ಲ!"

"ಹರ್ಕಂಡ್ ಹೋಗ್ಬುಟ್ಟವ್ನೆ!" ಚನ್ನಬಸವಯ್ಯ ಎದ್ದುನಿಂತ. "ಅಂಥಾದ್ದು ಏನ್ ಮಾಡಿರಬೇಕು ಲೆಕ್ಕ ಹಾಕು!"

ಹೋಟೆಲಿನಲ್ಲಿದ್ದವರೆಲ್ಲ ಲೆಕ್ಕ ಹಾಕಿದರು. ಒಬ್ಬ ಮೆಣಸಿನ ಕಳ್ಳಸಾಗಣೆ ಅಂದ. ಇನ್ನೊಬ್ಬ ಹೊಡೆದಾಟ ಅಂದ. ಇನ್ನೊಂದು ಪೇಪರು ತಂದು ನೋಡುವ ಯೋಚನೆ ಯಾರಿಗೂ ಬರಲಿಲ್ಲ. ನೋಡಿದ್ದರೆ ಲೆಕ್ಕ ತಪ್ಪುವ ಅಪಾಯವಿತ್ತು. ಮೊಬೈಲು ಆಗಿನ್ನೂ ಊರಿಗೆ ಕಾಲಿಟ್ಟಿರಲಿಲ್ಲ, ಆದರೆ ಹೋಟೆಲಿನ ಪಕ್ಕದಲ್ಲೇ ಎಸ್‌ಟಿಡಿ ಬೂತು ಇತ್ತು.

ಜಯಕುಮಾರ ದೋಣಿಗಲ್ಲು ತಲುಪಿದಾಗ ಸುಬ್ಬಯ್ಯನವರ ಅಂಗಳದಲ್ಲಿ ಹರಡಿದ ಕಾಫಿಯ ನಡುವೆ ಯಾರೂ ಇರಲಿಲ್ಲ. ಒಳಗೆ ಹೋದರೆ ಸುಬ್ಬಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. "ಬನ್ನಿ" ಅಂದರು, ಹೋದ ಸಲದ "ಬಾರಪ್ಪ" ಎಲ್ಲೋ ಬಿದ್ದುಹೋಗಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ರಾಜಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಗೋಡೆ ಗಡಿಯಾರ ಒಂದೇ ಮಾತಾಡುತ್ತಿತ್ತು. ಜಯಕುಮಾರ ಕೂತ. ಮೈ ಸರಸರ ಎಂದಿತು. ಉಸಿರು ಬಿಗಿಹಿಡಿದ.

"ಪೇಪರಲ್ಲಿ ಬಂದಿದೀರಂತೆ?" ಎಂದರು ಸುಬ್ಬಯ್ಯ.

ಜಯಕುಮಾರನ ಕಿವಿ ಬಿಸಿಯಾಯಿತು. ಹಾಳಾದ ನಂಜುಂಡ! ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅನಿಸಿತು.

"ಹೂಂ ಯಜಮಾನ್ರೇ. ನಿಮಗೂ ಗೊತ್ತಾಗೋಯ್ತಾ?"

"ಹಿಂದೇನೂ ಬಂದಿದ್ರಾ?"

"ಇಲ್ಲ, ನಂಗೆ ಇವತ್ತೇ ಮೊದ್ಲು. ಪಕ್ಕದ ಮನೆ ಶಿವಯ್ಯ ಇದ್ದಾರಲ್ಲ, ಅವ್ರು ಮೂರು ಮೂರು ತಿಂಗ್ಳು ಪೇಪರಲ್ಲೇ ಇರ್ತಿದ್ರಂತೆ. ಅವ್ರೇ ನಂಗೆ ಹೇಳ್ಕೊಟ್ಟಿದ್ದು."

ಸುಬ್ಬಯ್ಯನವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯಿತು. "ನಿಮ್ ತಾಯಿಗೆ ಗೊತ್ತಾ?"

"ಅಮ್ಮನೇ ಮುಂದೆ ನಿಂತು ಮಾಡಿದ್ದು."

ಅಡುಗೆಮನೆಯಲ್ಲಿ ತಟ್ಟೆಯೊಂದು ಬಿದ್ದು ಬಹಳ ಹೊತ್ತು ಗಿರಗಿರ ತಿರುಗಿತು.

"ಪೊಲೀಸ್ನೋರು ಏನೂ ಅನ್ಲಿಲ್ವಾ?"

"ಅವ್ರೇನಂತಾರೆ? ರಾತ್ರಿ ಪಾಳಿಲಿ ಅವ್ರೂ ಇದೇ ಮಾಡೋದು."

"ನಾಚ್ಕೆ ಆಗ್ಲಿಲ್ವೇನ್ರೀ?"

"ಶುರೂನಲ್ಲಿ ಆಯ್ತು," ಎಂದು ಜಯಕುಮಾರ ಪ್ರಾಮಾಣಿಕವಾಗಿ ಒಪ್ಪಿಕೊಂಡ. "ಆಮೇಲೆ ಒಂಥರಾ ಸುಖವಾಯ್ತು."

ಆಗಲೇ ಮಧುಶ್ರೀ ಅಡುಗೆಮನೆಯಿಂದ ಈಚೆ ಬಂದಳು. ಯಾರೂ ಕರೆದಿರಲಿಲ್ಲ. ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ, ಜೇನುತುಪ್ಪ. ಹೋದ ಸಲ ನೆಲದ ಮೇಲಿನಿಂದ ಕಣ್ಣು ಎತ್ತದಿದ್ದ ಹುಡುಗಿ ಇವತ್ತು ಅವನನ್ನು ನೇರವಾಗಿ ನೋಡಿದಳು. ದೊಡ್ಡ ಕಣ್ಣು. ಜಯಕುಮಾರನಿಗೆ ಎದೆಯ ಮೇಲಿನ ಪೇಪರೆಲ್ಲ ಹೊತ್ತಿಕೊಂಡಂತಾಯಿತು.

"ಹೆದರಿಕೆ ಆಗ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಅವಳ ದನಿಯನ್ನು ಅವನು ಕೇಳಿದ್ದು ಅದೇ ಮೊದಲು.

"ಎಂಥ ಹೆದರಿಕೆ? ಹೆಂಗಾದ್ರೂ ಮಾಡಿ ನಿಮ್ ಹತ್ರ ಬರ್ಲೇಬೇಕಿತ್ತಲ್ಲ."

ಮಧುಶ್ರೀ ನಕ್ಕಳು. ಹೆಚ್ಚಲ್ಲ, ತುಟಿಯ ಒಂದು ಕೊನೆಯಲ್ಲಿ. ಹದಿನೈದು ದಿನದ ಮೌನದಲ್ಲಿ ಇಂಥದೊಂದು ಇರಬಹುದು ಎಂದು ಜಯಕುಮಾರ ಎಣಿಸಿರಲಿಲ್ಲ. ಅವಳು ಒಳಗೆ ಹೋಗಿ ತಾಯಿಯ ಕಿವಿಯಲ್ಲಿ ಏನೋ ಹೇಳಿದ್ದು ಕಂಡಿತು. ರಾಜಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಮಣೆಯ ಮೇಲೆ ಕೂತರು.

ಸುಬ್ಬಯ್ಯ ಕೊನೆಯ ಪ್ರಶ್ನೆ ಕೇಳಿದರು. ಅವರಿಗೆ ಬೇಕಿದ್ದದ್ದು ಕೇಸುಗಳ ಲೆಕ್ಕ. "ನಿಜ ಹೇಳಿ. ಮೈ ಮೇಲೆ ಎಷ್ಟೈತೆ?"

"ಎದೆ ಮೇಲೆ ನಾಲ್ಕು, ಬೆನ್ನ ಮೇಲೆ ಎರಡು. ಹೊಟ್ಟೆ ಮೇಲಿಂದು ಮಾತ್ರ ಸಕಲೇಶಪುರದಲ್ಲಿ ಎತ್ತಿದ್ದು."

"ಹೊಟ್ಟೆ ಮೇಲಿಂದಾ?"

"ಹೂಂ. ಮೊದಲ್ನೇದು ನೆಂದುಹೋಗಿತ್ತು."

ಸುಬ್ಬಯ್ಯನವರಿಗೆ ಅನುಮಾನ ಬಂದಂತೆ ಕಂಡಾಗ ಜಯಕುಮಾರ ನಂಬಿಸಲೆಂದು ಗುಂಡಿ ಬಿಚ್ಚಿ ಹಾಳೆಗಳನ್ನು ಹೊರಗೆಳೆಯತೊಡಗಿದ. ಹೋದ ವಾರದ ಹವಾಮಾನ ಬಂತು. ಕಾಫಿ ಬೆಲೆ ಬಂತು. ಬೆನ್ನಿನಿಂದ ಯಾವುದೋ ಪಂದ್ಯದ ಚಿತ್ರ ಬಂತು. ನಂಜುಂಡನ ಹೋಟೆಲಿನ ನಡುವಿನ ಹಾಳೆಯೂ ಬಂತು. ಜಮಖಾನದ ಮೇಲೆ ರಾಶಿ ಬಿತ್ತು. ಜಯಕುಮಾರ ಒಣಗಿದ ಕಬ್ಬಿನಂತೆ ತೆಳ್ಳಗಾದ.

"ಚಳಿಗೆ ಯಜಮಾನ್ರೇ. ಜರ್ಕಿನ್ ಜಿಪ್ಪು ಕಿತ್ತೋಗಿತ್ತು."

ಆಮೇಲೆ ಸುಬ್ಬಯ್ಯ ನಕ್ಕರು ನೋಡಿ, ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಇಳಿಯುವವರೆಗೆ. "ಆ ಚನ್ನಬಸವ ಫೋನ್ ಮಾಡಿ, ಹುಡುಗ ಏನೋ ಮಾಡಿ ಪೇಪರಲ್ಲಿ ಬಂದವ್ನೆ, ಹಾಳೆ ಹರ್ಕಂಡ್ ಓಡ್ಬುಟ್ಟ ಅಂದ ಕಣಪ್ಪ! ನಾನು ಕೊಲೆನೋ ಏನೋ ಅಂತ... ಅಯ್ಯೋ ದೇವ್ರೇ! ಲೇ ಇವಳೇ, ಎಲೆ ಅಡಿಕೆ ತಟ್ಟೆ ತಾರೇ! ಮಧುನೂ ಕರಿ!"

ಜಯಕುಮಾರನೂ ನಕ್ಕ. ಬಾಗಿಲ ಕಡೆ ನೋಡಿದ.

ಮಧುಶ್ರೀ ಅಲ್ಲೇ ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ. ಜಮಖಾನದ ಮೇಲಿನ ರಾಶಿಯನ್ನು ನೋಡುತ್ತಿದ್ದಳು.

"ಬರೀ ಚಳಿಗಾ?" ಎಂದಳು.

"ಹೂಂ," ಎಂದ ಜಯಕುಮಾರ. "ಬೇರೆ ಏನೂ ಇಲ್ಲ. ನನ್ ಮೇಲೆ ಒಂದೇ ಒಂದು ದೂರಿಲ್ಲ, ಬೇಕಾದ್ರೆ ಊರಲ್ಲಿ ಕೇಳಿ."

ಅವಳು ಒಳಗೆ ಹೋದಳು. ರಾಜಲಕ್ಷ್ಮಮ್ಮ ಹಿಂದೆಯೇ ಹೋದರು. ಪಿಸುಮಾತು ಕೇಳಿತು. ರಾಜಲಕ್ಷ್ಮಮ್ಮ ಈಚೆ ಬಂದಾಗ ಕೈಯಲ್ಲಿ ತಟ್ಟೆ ಇರಲಿಲ್ಲ. ಗಂಡನ ಕಿವಿಗೆ ಬಗ್ಗಿದರು. ಸುಬ್ಬಯ್ಯನವರ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ದಿಕ್ಕು ತೋಚದೆ ಇಳಿದುಹೋಯಿತು.

"ಏನಂತೆ?" ಎಂದ ಜಯಕುಮಾರ.

"ಇಷ್ಟು ದಿನ ಬಾಯಿ ಬಿಡದೋಳು ಆ ಫೋನ್ ಬಂದ್ಮೇಲೆ ಹೂಂ ಅಂದಿದ್ಲಂತೆ ಕಣಪ್ಪ. ಅವ್ರಮ್ಮಂಗೆ ಹೇಳಿದ್ಲಂತೆ, ಪರ್ವಾಗಿಲ್ಲ, ಏನೋ ಒಂದು ಮಾಡೋ ಅಂಥ ಗಂಡಸು ಅಂತ."

"ಈಗ?"

ಸುಬ್ಬಯ್ಯ ಬಗ್ಗಿ, ಚೆಲ್ಲಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ, ಮಡಿಸಿ, ಎರಡೂ ಕೈಯಲ್ಲಿ ಅವನಿಗೆ ಕೊಟ್ಟರು.

"ಈಗ ನಿನ್ ಮೇಲೆ ತಪ್ಪೇನೂ ಇಲ್ವಲ್ಲಪ್ಪ. ಅದಕ್ಕೇ ಬ್ಯಾಡವಂತೆ."